ಅನುಮಾನ ಪಡಲು ಒಂದು ನಿಮಿಷ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಹೆಲ್ಮೆಟ್ ಹಾಕದ ಬೈಕ್ ಸವಾರರನ್ನು ಕ್ಯಾಮೆರಾದಲ್ಲಿ ಪತ್ತೆ ಹಚ್ಚುವ ಪ್ರಾಜೆಕ್ಟ್ ಮಾಡಿದೆವು. ಡೆಮೊ ದಿನ ರುಮಾಲು ಸುತ್ತಿದ್ದ ಅಜ್ಜನೊಬ್ಬ ಮೊಪೆಡ್‌ನಲ್ಲಿ ಹಾದುಹೋದ. ‘ಹೆಲ್ಮೆಟ್ ಇದೆ, ಶೇ 92 ಖಚಿತ’ ಎಂದಿತು ಕಂಪ್ಯೂಟರ್. ಎಲ್ಲರೂ ನಕ್ಕೆವು. ಮೇಷ್ಟ್ರು ಅಂಕವನ್ನೂ ಕಳೆಯಲಿಲ್ಲ.

ಗುರಿಯನ್ನು ತಾವೇ ಆರಿಸಿ ಹೊಡೆಯುವ ಸ್ವಾಯತ್ತ ಶಸ್ತ್ರಾಸ್ತ್ರಗಳ ಹಿಂದೆಯೂ ಇದೇ ಬಗೆಯ ತಂತ್ರಜ್ಞಾನವಿದೆ. ಯಾರಾದರೂ ಆತಂಕಪಟ್ಟರೆ ಸಿಗುವ ಸಮಾಧಾನ ಒಂದೇ: ‘ಕೊನೆಯ ತೀರ್ಮಾನ ಮನುಷ್ಯನದು’. ನಾನೂ ಅದನ್ನು ನಂಬಿದ್ದೆ. ಇರಾಕ್ ಯುದ್ಧದ ಒಂದು ಘಟನೆಯ ಬಗ್ಗೆ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

2003ರ ಮಾರ್ಚ್ 23ರಂದು ಬ್ರಿಟನ್ನಿನ ಟೊರ್ನಾಡೊ ವಿಮಾನ ಕಾರ್ಯಾಚರಣೆ ಮುಗಿಸಿ ಕುವೈತ್‌ನ ನೆಲೆಗೆ ಮರಳುತ್ತಿತ್ತು. ಅದರ ಗುರುತಿನ ಸಂಕೇತ ಸಿಗದೆ, ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಅದನ್ನು ಶತ್ರುವಿನ ಕ್ಷಿಪಣಿ ಎಂದುಕೊಂಡಿತು. ಪರದೆಯ ಮುಂದೆ ಮನುಷ್ಯರೇ ಇದ್ದರು. ಆದರೆ ತೀರ್ಮಾನಕ್ಕೆ ಅವರಿಗೆ ಸಿಕ್ಕಿದ್ದು ಸುಮಾರು ಒಂದು ನಿಮಿಷ. ಕಲಿಸಿದ್ದೂ ಅಷ್ಟೇ: ಯಂತ್ರವನ್ನು ನಂಬು, ಬೇಗ ಹೊಡೆ. ಹೊಡೆದರು. ತಮ್ಮದೇ ಮಿತ್ರಪಡೆಯ ಇಬ್ಬರು ಸತ್ತರು.

ಇದಕ್ಕೆ 20 ವರ್ಷ ಮೊದಲು, 1983ರ ಸೆಪ್ಟೆಂಬರ್ 26ರಂದು, ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅವರ ಮುಂದೆಯೂ ಒಂದು ಪರದೆಯಿತ್ತು. ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎನ್ನುತ್ತಿತ್ತು ಅದು. ಯುದ್ಧ ಶುರು ಮಾಡುವವರು ಐದೇ ಐದು ಕ್ಷಿಪಣಿ ಬಿಟ್ಟಾರೆಯೇ ಎಂದು ಅವರಿಗೆ ಅನಿಸಿತು. ನೆಲದ ರಾಡಾರ್‌ಗಳೂ ಏನನ್ನೂ ಕಾಣುತ್ತಿರಲಿಲ್ಲ. ಸುಳ್ಳು ಎಚ್ಚರಿಕೆ ಎಂದೇ ಮೇಲಿನವರಿಗೆ ತಿಳಿಸಿದರು. ಮೋಡಗಳ ಮೇಲೆ ಹೊಳೆದ ಬಿಸಿಲಿಗೆ ಉಪಗ್ರಹ ಮೋಸಹೋಗಿತ್ತು!

ಎರಡೂ ಕಡೆ ಮನುಷ್ಯನಿದ್ದ. ಒಂದು ಕಡೆ ಮಾತ್ರ ಅನುಮಾನಕ್ಕೆ ಜಾಗವಿತ್ತು. ಹಾಗಾಗಿ ‘ಮನುಷ್ಯನ ನಿಯಂತ್ರಣ’ ಎಂದು ಕಾಗದದಲ್ಲಿ ಬರೆದರೆ ಸಾಲದು. ಆತನಿಗೆ ಎಷ್ಟು ಸಮಯವಿದೆ, ಬೇರೆ ಮೂಲದಿಂದ ಪರೀಕ್ಷಿಸಲು ಏನಿದೆ ಎಂಬುದೂ ಕಾನೂನಿನಲ್ಲಿ ಇರಬೇಕು.

ಈ ಶಸ್ತ್ರಾಸ್ತ್ರಗಳ ಕುರಿತ ನಿರ್ಣಯವೊಂದಕ್ಕೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 152 ದೇಶಗಳು ಬೆಂಬಲ ಕೊಟ್ಟವು. ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದಲ್ಲಿ ಈಗಾಗಲೇ ನಡೆಯುತ್ತಿರುವ ಮಾತುಕತೆಯೇ ಸರಿಯಾದ ವೇದಿಕೆ ಎಂಬುದು ನಮ್ಮ ದೇಶದ ನಿಲುವು. ಗಡಿ ದಾಟಿ ಬರುವ ಡ್ರೋನ್ ತಡೆಯಲು ಯಂತ್ರದ ವೇಗ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಜಿನೀವಾದಲ್ಲಿ ಎಲ್ಲರ ಒಮ್ಮತ ಬೇಕು. ಒಂದು ದೇಶ ಬೇಡ ಎಂದರೂ ಕೆಲಸ ಅಲ್ಲಿಗೇ ನಿಂತಿತು. ಅಲ್ಲಿ ಮಾತು ಶುರುವಾಗಿದ್ದು 2014ರಲ್ಲಿ. ಮನುಷ್ಯರನ್ನೇ ಗುರಿಯಾಗಿಸುವ ಸ್ವಾಯತ್ತ ಶಸ್ತ್ರಗಳನ್ನಾದರೂ ನಿಷೇಧಿಸಿ ಎಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 2021ರಲ್ಲೇ ಕೇಳಿದೆ. ಅಷ್ಟಕ್ಕಾದರೂ ಭಾರತ ಹೂಂ ಎನ್ನಬಾರದೇ?

ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನ. ಡ್ರೋನ್ ತಯಾರಿಸುವ ಕಂಪನಿಯೂ ಬರುತ್ತದಂತೆ, ಸಂಬಳವೂ ಚೆನ್ನಾಗಿದೆಯಂತೆ. ಕೆಲಸ ನನಗೂ ಬೇಕು. ಕೊನೆಯಲ್ಲಿ ‘ಏನಾದರೂ ಕೇಳುವುದಿದೆಯೇ’ ಎಂದಾಗ, ಹೊಡೆಯಬೇಡ ಎನ್ನಲು ನಿಮ್ಮ ಆಪರೇಟರ್‌ಗೆ ಎಷ್ಟು ಸೆಕೆಂಡು ಇರುತ್ತದೆ ಎಂದು ಕೇಳಬೇಕೆಂದಿದ್ದೇನೆ.