ಹತ್ತು ಎಲೆಗಳ ಗ್ರಹಚಾರ

ಪೋಕರ್ ಆಡುವ ಪ್ರತಿಯೊಬ್ಬರ ಹತ್ತಿರವೂ ಒಂದು ಕಥೆ ಇರುತ್ತದೆ. "ಕೈಯಲ್ಲಿ ಎರಡು ಎಕ್ಕ ಇತ್ತು ಮಾರಾಯ, ಕೊನೇ ಎಲೆಯಲ್ಲಿ ಹೋಯಿತು." ಇದಕ್ಕೆ ಅವರು ಇಟ್ಟಿರುವ ಹೆಸರು ಬ್ಯಾಡ್ ಬೀಟ್. ಪುಣೆಯ ಪಿಜಿಯಲ್ಲಿ, ಹೈದರಾಬಾದಿನ ಆಫೀಸ್ ಕ್ಯಾಂಟೀನಿನಲ್ಲಿ, ಗೋವಾದಿಂದ ಭಾನುವಾರ ರಾತ್ರಿ ಮರಳುವ ಬಸ್ಸಿನಲ್ಲಿ ಈ ಕಥೆಗೆ ಕೇಳುಗರು ಸಿಕ್ಕೇ ಸಿಗುತ್ತಾರೆ. ಕೇಳಿದವರು "ಅಯ್ಯೋ ಪಾಪ" ಅನ್ನುತ್ತಾರೆ. ಹಾಗೆ ಅನ್ನುವುದನ್ನು ನಾವು ನಿಲ್ಲಿಸಬೇಕು.

ಈ ಜಾತಿಯ ಕಥೆಗಳಲ್ಲಿ ಬಹಳ ಹೆಸರಾದದ್ದನ್ನೇ ನೋಡೋಣ. 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ, ಲಾಸ್ ವೇಗಸ್. 7,319 ಮಂದಿ ತಲಾ 10,000 ಡಾಲರ್ ಕಟ್ಟಿ ಕೂತಿದ್ದರು. ಕೊನೆಗೆ ಉಳಿದದ್ದು 15 ಮಂದಿ. ಮ್ಯಾಟ್ ಆಫ್ಲೆಕ್ ಕೈಯಲ್ಲಿ ಜೋಡಿ ಎಕ್ಕ, ಜೊನಾಥನ್ ಡುಹಾಮೆಲ್ ಕೈಯಲ್ಲಿ ಜೋಡಿ ಗುಲಾಮ. ಮೇಜಿನ ಮೇಲೆ ಹತ್ತು, ಒಂಬತ್ತು, ಏಳು. ನಾಲ್ಕನೆಯ ಎಲೆ ರಾಣಿ. ಆಫ್ಲೆಕ್ ತನ್ನಲ್ಲಿ ಉಳಿದ ಚಿಪ್ಸನ್ನೆಲ್ಲ ಮುಂದೆ ತಳ್ಳಿದ. ಡುಹಾಮೆಲ್ ಬಹಳ ಹೊತ್ತು ಯೋಚಿಸಿ ಕಾಲ್ ಮಾಡಿದ. ಐದನೆಯ ಎಲೆ ಎಂಟು. ಎಂಟರಿಂದ ರಾಣಿಯವರೆಗೆ ಡುಹಾಮೆಲ್‌ಗೆ ಸಾಲು ಕೂಡಿತು. ಆಫ್ಲೆಕ್ 15ನೆಯವನಾಗಿ ಹೊರಬಿದ್ದ. ಡುಹಾಮೆಲ್ ಕೊನೆಗೆ ಟೂರ್ನಿಯನ್ನೇ ಗೆದ್ದು 89,44,310 ಡಾಲರ್ ಪಡೆದ. ಟಿವಿಯಲ್ಲಿ ನೋಡಿದವರೆಲ್ಲ ಆಫ್ಲೆಕ್‌ಗಾಗಿ ಮರುಗಿದರು.

ಮರುಗುವ ಮುಂಚೆ ಸ್ವಲ್ಪ ಎಣಿಸಿ. ಆ ಕ್ಷಣದಲ್ಲಿ ತೆರೆಯದೆ ಉಳಿದಿದ್ದ ಎಲೆಗಳು 44. ಅವುಗಳಲ್ಲಿ ನಾಲ್ಕು ಎಂಟು, ನಾಲ್ಕು ರಾಜ, ಎರಡು ಗುಲಾಮ. ಈ ಹತ್ತರಲ್ಲಿ ಯಾವುದು ಬಂದರೂ ಡುಹಾಮೆಲ್ ಗೆಲ್ಲುತ್ತಿದ್ದ. ಅಂದರೆ ಸುಮಾರು ಶೇ 23, ನಾಲ್ಕು ಸಲಕ್ಕೆ ಹತ್ತಿರಹತ್ತಿರ ಒಂದು ಸಲ. ನಾಲ್ಕು ದಿನಕ್ಕೊಮ್ಮೆ ತಡವಾಗುವ ಲೋಕಲ್ ರೈಲನ್ನು ನಂಬಿ ಇಂಟರ್‌ವ್ಯೂಗೆ ಹೊರಟವನು, ರೈಲು ತಡವಾದಾಗ ಗ್ರಹಚಾರ ಅಂದರೆ ನೀವು ಒಪ್ಪುತ್ತೀರಾ?

ಸೋತ ಆಫ್ಲೆಕ್‌ಗೂ ಐದು ಲಕ್ಷ ಡಾಲರ್ ಸಿಕ್ಕಿತು ಎಂಬುದನ್ನು ಈ ಕಥೆ ಹೇಳುವವರು ಮರೆಯುತ್ತಾರೆ. ಆ ವರ್ಷ ಬಹುಮಾನ ಸಿಕ್ಕಿದ್ದು 747 ಮಂದಿಗೆ. ಉಳಿದ 6,572 ಮಂದಿ ಬರಿಗೈಲಿ ಮನೆಗೆ ಹೋದರು. ಅವರ ಕಥೆಯನ್ನು ಯಾವ ಕ್ಯಾಮೆರಾವೂ ಹಿಂಬಾಲಿಸಲಿಲ್ಲ.

ಬ್ಯಾಡ್ ಬೀಟ್ ಎಂಬ ಮಾತಿನ ಮೋಸ ಇರುವುದು ಇಲ್ಲೇ. ಕೊನೆಯ ಎಲೆಯನ್ನು ಅದೃಷ್ಟದ ಲೆಕ್ಕಕ್ಕೆ ಬರೆದ ಕೂಡಲೇ, ಅದಕ್ಕೂ ಮುಂಚೆ ಗೆದ್ದದ್ದೆಲ್ಲ ಜಾಣತನದ ಲೆಕ್ಕಕ್ಕೆ ಬಂದುಬಿಡುತ್ತದೆ. ತನಗೆ ಬೇಕಾದ ಎಲೆ ಬಂದು ಉಳಿದುಕೊಂಡ ರಾತ್ರಿಯನ್ನು ಯಾರೂ ಬಸ್ಸಿನಲ್ಲಿ ಹೇಳಿಕೊಳ್ಳುವುದಿಲ್ಲ. ಹೀಗೆ ಸೋತವನು "ನಾನು ಚೆನ್ನಾಗಿಯೇ ಆಡಿದೆ" ಎಂಬ ಸರ್ಟಿಫಿಕೇಟ್ ತಾನೇ ಬರೆದುಕೊಂಡು ಮುಂದಿನ ತಿಂಗಳ ಟೂರ್ನಿಗೆ ಹಣ ಕಟ್ಟುತ್ತಾನೆ.

ಚೆನ್ನಾಗಿ ಆಡುವವರಿಗೆ ಲೆಕ್ಕ ಎಷ್ಟು ಕಠಿಣ ನೋಡಿ. ನೀವು ಐದು ಸಲ ಇದ್ದದ್ದನ್ನೆಲ್ಲ ಪಣಕ್ಕಿಟ್ಟಿರಿ, ಪ್ರತಿ ಸಲವೂ ಗೆಲ್ಲುವ ಸಾಧ್ಯತೆ ಶೇ 80 ಅಂದುಕೊಳ್ಳೋಣ. ಐದನ್ನೂ ಗೆಲ್ಲುವ ಸಾಧ್ಯತೆ ಶೇ 33 ಮಾತ್ರ. ಎದುರಾಳಿಯ ಹತ್ತಿರ ನಿಮ್ಮಷ್ಟೇ ಚಿಪ್ಸ್ ಇದ್ದರೆ, ಮೂರರಲ್ಲಿ ಎರಡು ಸಲ ನೀವು ಸರಿಯಾಗಿ ಆಡಿಯೇ ಹೊರಬೀಳುತ್ತೀರಿ.

"ದೀರ್ಘಾವಧಿಯಲ್ಲಿ ಕೌಶಲವೇ ಗೆಲ್ಲುತ್ತದೆ" ಎಂಬ ಉತ್ತರ ಬರುತ್ತದೆ. ಸುಳ್ಳಲ್ಲ. ಆದರೆ ಯಾರ ದೀರ್ಘಾವಧಿ? ಆನ್‌ಲೈನಿನಲ್ಲಿ ಸಾವಿರಾರು ಕೈ ಆಡಬಹುದಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಪಣಜಿಯ ಮಾಂಡೋವಿ ಹೊಳೆಯ ಕ್ಯಾಸಿನೋ ಹಡಗುಗಳು ಆ ಕಾಯ್ದೆಗೆ ಸೇರುವುದಿಲ್ಲ. ಅಲ್ಲಿ ಎದುರಾಬದುರು ಕೂತು ಆಡುವಾಗ ಗಂಟೆಗೆ 30 ಕೈ ಆದರೆ ಹೆಚ್ಚು. ಹತ್ತು ಗಂಟೆ ಕೂತರೆ 300. ರಜೆ ಹೊಂದಿಸಿಕೊಂಡು ವರ್ಷಕ್ಕೆ ನಾಲ್ಕು ಸಲ ಹೋಗುವ ಎಂಜಿನಿಯರ್ ಆ ದೀರ್ಘಾವಧಿಯನ್ನು ಮುಟ್ಟುವಷ್ಟರಲ್ಲಿ ರಿಟೈರ್ ಆಗಿರುತ್ತಾನೆ.

ಅಲ್ಲಿಯವರೆಗೆ ತಪ್ಪದೆ ಹಣ ಎಣಿಸುವವರು ಆಟ ನಡೆಸುವವರು. 2010ರ ಆ ಟೂರ್ನಿಯಲ್ಲಿ ಸೇರಿದ್ದು 7,31,90,000 ಡಾಲರ್, ಬಹುಮಾನಕ್ಕೆ ಹೋದದ್ದು 6,87,98,600. ಉಳಿದ ಶೇ 6, ಅಂದರೆ 43,91,400 ಡಾಲರ್, ಪಕ್ಕಕ್ಕೆ ಹೋಯಿತು. ಎಂಟು ಬಂದರೂ ಎಕ್ಕ ಬಂದರೂ ಆ ಮೊತ್ತ ಅಷ್ಟೇ. ನಮ್ಮಲ್ಲಿ ಇದರ ಮೇಲೆ ತೆರಿಗೆ ಬೇರೆ: ಇಸ್ಪೀಟಿನಲ್ಲಿ ಗೆದ್ದದ್ದಕ್ಕೆ ಶೇ 30 ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ.

ಊರಲ್ಲಿ ಅಂದರ್ ಬಾಹರ್ ಆಡಿ ಸೋತವನು ತನ್ನನ್ನು ಜಾಣ ಅಂದುಕೊಳ್ಳುವುದಿಲ್ಲ, ಜೂಜಾಡಿ ಕಳೆದೆ ಅನ್ನುತ್ತಾನೆ. ಓದಿದ ನಮಗೆ ಮಾತ್ರ ಸೋಲಿಗೂ ಒಂದು ಇಂಗ್ಲಿಷ್ ಹೆಸರು ಬೇಕು.

ಆಡುವುದು ಬಿಡುವುದು ನಿಮ್ಮಿಷ್ಟ. ಆದರೆ ರೂಮ್‌ಮೇಟ್ ಮುಂದಿನ ಸಲ ಆ ಎರಡು ಎಕ್ಕದ ಕಥೆ ತೆಗೆದಾಗ ಪಾಪ ಅನ್ನಬೇಡಿ. ಈ ವರ್ಷ ಎಂಟ್ರಿಗೆ, ಬಸ್ಸಿಗೆ, ರೂಮಿಗೆ ಒಟ್ಟು ಎಷ್ಟು ಕಟ್ಟಿದೆ, ಎಷ್ಟು ವಾಪಸ್ ಬಂತು ಎಂದು ಕೇಳಿ. ಹುಡುಗ ಇನ್ನೂ ಓದುತ್ತಿದ್ದರೆ, ಅದು ಯಾರ ದುಡ್ಡು ಎಂದೂ ಕೇಳಿ.