ರೆಕಾರ್ಡ್ ನಕಲು ಮಾಡಿದವರ ಕೈಗೆ ಡ್ಯಾಂ ಕೊಡೋದಾ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲು ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಅಂಥ ಹೊತ್ತಿಗೆ ಬೇಕಾಗೋದು ಪಳಗಿದ ಕೈ.

ಬಾಳೆಹೊಸೂರಿನಂಥ ಊರುಗಳಿಂದ ಎಂಜಿನಿಯರಿಂಗಿಗೆ ಹೋದ ಮಕ್ಕಳ ಕೈ ಪಳಗುತ್ತಿದೆಯೇ? ಎಷ್ಟೋ ಲ್ಯಾಬುಗಳಲ್ಲಿ ಒಬ್ಬ ಮಷಿನ್ ಮುಟ್ಟುತ್ತಾನೆ, ಉಳಿದವರು ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಇಳಿಸುತ್ತಾರೆ. ಮೆಣಸಿನಕಾಯಿ ಮಾರಿ ಫೀ ಕಟ್ಟಿದ್ದು ಇದಕ್ಕಾ? ಇಂದು ಅಳೆಯದೆ ಅಂಕಿ ಬರೆದವನು ನಾಳೆ ನೋಡದೆ ‘ಚೈನ್ ಸರಿಯಿದೆ’ ಎಂದು ಸಹಿ ಹಾಕುತ್ತಾನೆ.

ಬೆಳಗಾವಿಯ ವಿಟಿಯು ಹೊತ್ತಿರುವುದು ವಿಶ್ವೇಶ್ವರಯ್ಯನವರ ಹೆಸರು. 1903ರಲ್ಲಿ ಖಡಕವಾಸ್ಲಾ ಡ್ಯಾಮಿಗೆ ಸ್ವಯಂಚಾಲಿತ ಗೇಟು ಕೂರಿಸಿದವರು ಅವರು. ಆ ಹೆಸರಿಗಾದರೂ ಪ್ರತಿ ವಿದ್ಯಾರ್ಥಿ ಮಷಿನ್ ಮುಟ್ಟಲಿ. ಕಂಡದ್ದನ್ನು ಸ್ವಂತ ಮಾತಿನಲ್ಲಿ ಬರೆಯಲಿ. ರೀಡಿಂಗ್ ತಪ್ಪಿದರೆ ಯಾಕೆ ತಪ್ಪಿತೆಂದು ಬರೆದವನಿಗೂ ಅಂಕ ಸಿಗಲಿ.

ಮಕ್ಕಳು ಊರಿಗೆ ಬಂದಾಗ ಮಾರ್ಕ್ಸ್ ಆಮೇಲೆ ಕೇಳ್ರಿ. ಮೊದಲು ಕೇಳ್ರಿ: ‘ಈ ವಾರ ಕೈಯಾರೆ ಏನು ಮಾಡಿದಿ?’