ಹೂವಿನ ಮರದ ಕಟ್ಟಿಗೆ

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದರೆ ಉದ್ಯಮಬಾಗದ ಫೌಂಡ್ರಿಗಳು, ಮಚ್ಛೆಯ ಕಾರ್ಖಾನೆಗಳು ಹಿಂದೆ ಸರಿದ ಮೇಲೆ ದೇಸೂರ ಬರುತ್ತದೆ. ಈ ಸೀಮೆಯಲ್ಲಿ ಮೇ ತಿಂಗಳ ಗುಲ್‌ಮೊಹರ್ ಕಣ್ಣಿಗೆ ಹಬ್ಬ. ಅದೇ ಮರ ಮುಂಗಾರಿನ ಗಾಳಿಗೆ ಉರುಳಿದರೆ ಕೇಳುವವರಿಲ್ಲ. ಸಾಗವಾನಿಯೋ ಮತ್ತಿಯೋ ಆಗಿದ್ದರೆ ಬಡಿಗರು ಓಡಿ ಬರುತ್ತಿದ್ದರು. ಹೂವಿನ ಮರವೆಂದರೆ ಕಡಿದು ತೂಗಿ ಒಲೆಗೆ, ಇಲ್ಲವೆ ಭಟ್ಟಿಗೆ.

‘ಅಲಂಕಾರದ ಮರ ಕೆಲಸಕ್ಕೆ ಬಾರದು’ ಎಂಬುದು ಅಳೆದು ನೋಡದೆ ಆಡಿದ ಮಾತು. ಅಳೆಯುವುದೇನು ಕಷ್ಟವಲ್ಲ. 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಒಣ ತುಂಡು 65 ಗ್ರಾಂ ತೂಗಿದರೆ ಅದು ಹೆಚ್ಚುಕಡಿಮೆ ಸಾಗವಾನಿಯ ಸಾಂದ್ರತೆ. ಆದರೆ ತೂಕವೊಂದೇ ಸಾಲದು. ನಿಜವಾದ ಪರೀಕ್ಷೆ ಇರುವುದು ಒಣಗುವಾಗ.

ಹಸಿ ಮರದಲ್ಲಿ ನೀರು ಎರಡು ಕಡೆ ಅಡಗಿರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಗೋಡೆಯಲ್ಲಿ. ಟೊಳ್ಳಿನ ನೀರು ಆರುವ ತನಕ ಮರದ ಗಾತ್ರ ಬದಲಾಗದು. ತೇವಾಂಶ ಶೇ. 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಮರ ಕುಗ್ಗತೊಡಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮನಲ್ಲ. ಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಹಲಗೆ ಡೊಂಕಾಗುವುದು ಇದರಿಂದಲೇ. ಉದ್ಯಮಬಾಗದಲ್ಲಿ ಈ ಲೆಕ್ಕಕ್ಕೆ ಬೆಲೆಯಿದೆ. ಎರಕಕ್ಕೆ ಮೊದಲು ಮರಳಿನಲ್ಲಿ ಒತ್ತುವ ಮರದ ಪ್ಯಾಟರ್ನ್ ಒಂದು ಮಿಲಿಮೀಟರ್ ಸೊಟ್ಟಗಾದರೂ ಆ ಸೊಟ್ಟ ಕಬ್ಬಿಣಕ್ಕೆ ಇಳಿಯುತ್ತದೆ!

ಈ ಪರೀಕ್ಷೆಯಲ್ಲಿ ಜಾಣ ಎನಿಸಿಕೊಂಡದ್ದು ಮಳೆಮರ. ದಕ್ಷಿಣ ಅಮೆರಿಕದಿಂದ ನೆರಳಿಗೆಂದು ಬಂದ ಇದು ಕುಗ್ಗುವುದು ತೀರ ಕಡಿಮೆ. ಹವಾಯಿ ದ್ವೀಪದವರು ಹಸಿ ಮರದಲ್ಲೇ ಬಟ್ಟಲು ಕಡೆದು ಮಾರುತ್ತಾರೆ. ಕಂದು ಚೇಗು ನೋಡಲೂ ಚೆಂದ. ಆದರೆ ಎಳೆಗಳು ಹೆಣೆದುಕೊಂಡಿರುವುದರಿಂದ ಕೀಸುಳಿ ಹಿಡಿದವರಿಗೆ ಬೆವರು ಖಂಡಿತ. ಪ್ಯಾಟರ್ನಿಗಿಂತ ಪೀಠೋಪಕರಣಕ್ಕೆ ವಾಸಿ ಎನ್ನಬೇಕು. ಆಸ್ಟ್ರೇಲಿಯದ ಸಿಲ್ವರ್ ಓಕ್ ಕಾಫಿ ತೋಟದ ನೆರಳಿನಿಂದ ಪ್ಲೈವುಡ್ ಕಾರ್ಖಾನೆಗೆ ಎಂದೋ ದಾರಿ ಹಿಡಿದಿದೆ. ಗುಲ್‌ಮೊಹರ್ ಮಾತ್ರ ಮೆದು, ಹುಳುವಿಗೆ ಬೇಗ ತುತ್ತು. ಅದರಿಂದ ಬಾಗಿಲು ಮಾಡಿಸಿದವರು ಪಶ್ಚಾತ್ತಾಪ ಪಟ್ಟಾರು.

ದಾಂಡೇಲಿಯಂಥ ಕಡೆ ಕಾಗದಕ್ಕೆ ಬೇಕಾದ ಗುಣವೇ ಬೇರೆ. ನಾರಿನ ಗೋಡೆಯ ದಪ್ಪದ ಇಮ್ಮಡಿಯನ್ನು ಒಳಗಿನ ಟೊಳ್ಳಿನ ಅಗಲದಿಂದ ಭಾಗಿಸಿದರೆ 1ಕ್ಕಿಂತ ಕಡಿಮೆ ಬರಬೇಕು. ಅಂಥ ನಾರು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಇದಕ್ಕೆ ಸೂಕ್ಷ್ಮದರ್ಶಕ ಬೇಕು. ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಪರೀಕ್ಷೆ ನಡೆಯುತ್ತದೆ.

ಇಷ್ಟು ಹೇಳಿದ್ದು ನಿಂತ ಮರಕ್ಕೆ ಕೊಡಲಿ ಹಾಕಲಿ ಎಂದಲ್ಲ. ಅದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅಡ್ಡಿಯಿದೆ, ನೆರಳಿನ ಬೆಲೆಯೂ ಇದೆ. ಮಾತು ಬಿದ್ದ ಮರದ್ದು, ರಸ್ತೆ ಅಗಲವಾಗುವಾಗ ಉರುಳಿದ ಮರದ್ದು. ಅಂಥ ದಿಮ್ಮಿಯನ್ನು ಸಾಮಿಲ್‌ನವರು ಹಿಂದೆ ಕಳಿಸುವುದಕ್ಕೆ ಕುಗ್ಗುವಿಕೆ ಕಾರಣವಲ್ಲ. ದಾರಿಬದಿಯ ಮರವೆಂದರೆ ಬೋರ್ಡು, ಬ್ಯಾನರು, ತಂತಿಗೆಂದು ಹೊಡೆದ ಮೊಳೆಗಳ ಚೀಲ. ಒಂದು ಮೊಳೆ ಸಿಕ್ಕರೆ ಗರಗಸದ ಹಲ್ಲು ಹೋಯಿತು. ಕೊಯ್ಯುವ ಮೊದಲು ದಿಮ್ಮಿಯ ಮೇಲೆ ಲೋಹಶೋಧಕ ಆಡಿಸಿದರೆ ಮೊಳೆಯಿರುವ ಜಾಗ ತಿಳಿದುಹೋಗುತ್ತದೆ.